ಏಳೂವರೆ ಸೆಂಟ್ಸ್

ತಪಸ್ಸುಕಾಲದ ಮೂರನೆಯ ಶುಕ್ರವಾರ
ಧ್ಯಾನಕೂಟದಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು.
ಪಾಪ ಬರೆಯಿರಿ, ಮಡಚಿರಿ, ಹೆಸರು ಬೇಡ.
ಅಂಗಳದಲ್ಲಿ ಕೆಂಡ ತುಂಬಿದ ಮಣ್ಣಿನ ಮಡಕೆ.
ಬರೆದೆ. ಪೆನ್ನು ಎರಡು ಸಲ ನಿಂತಿತು:
ಏಳೂವರೆ ಸೆಂಟ್ಸ್, ನೀರುಮಾರ್ಗ, ತಮ್ಮನದು.

ಚೀಟಿ ಕಪ್ಪಗೆ ಸುರುಟಿತು.
ಗಿಟಾರಿನ ಹುಡುಗರು ಸ್ವರ ಏರಿಸಿದರು.
ಬಂದರಿನಲ್ಲಿ ಒಣಮೀನು ಮಾರುವವನೊಬ್ಬ
ನನ್ನನ್ನು ತಬ್ಬಿಕೊಂಡು ಅತ್ತ.
ನಾನೂ ಅತ್ತೆ. ಸುಳ್ಳಲ್ಲ, ನಿಜದ ಕಣ್ಣೀರೇ.
ಬೆನ್ನಿನಿಂದ ಅಕ್ಕಿಮೂಟೆ ಇಳಿಸಿದ ಹಾಗಿತ್ತು.

ಮನೆಗೆ ಹೊರಟ ಬಸ್ಸು ಕುಲಶೇಖರದಲ್ಲಿ ನಿಂತಾಗ
ಕಂಡಕ್ಟರ್ ಕೂಗಿದ:
ನೀರುಮಾರ್ಗದವರು ಇಳೀರಿ, ಬಸ್ಸು ಹಿಂದೆಯೇ ಉಂಟು!
ನಾನು ಕಿಟಕಿಯತ್ತ ತಿರುಗಿದೆ.
ಕ್ಷಮೆ ಸಿಕ್ಕವನಿಗೆ ಅಲ್ಲೇನು ಕೆಲಸ?
ಬೆಂಕಿಗೆ ಎಲ್ಲ ಹೇಳಿಯಾಗಿತ್ತು.
ಬೆಂಕಿಗೆ ಸಿಪ್ರಿಯ ವಿಳಾಸ ಗೊತ್ತಿರಲಿಲ್ಲ.

ಆ ರಾತ್ರಿ, ಅಪ್ಪನ ಹೆಬ್ಬೆರಳು.
ಆಸ್ಪತ್ರೆಯಿಂದ ತಂದ ಮೇಲೆ ಅವನಿಗೆ ಮಾತಿರಲಿಲ್ಲ.
ನಾನೇ ಹಿಡಿದು ಕಾಗದಕ್ಕೆ ಒತ್ತಿಸಿದ್ದೆ.
ಅಮ್ಮ ತೆಂಗಿನೆಣ್ಣೆ ಹಚ್ಚಿ ಉಜ್ಜಿದಳು,
ಏನೆಂದು ಕೇಳಲಿಲ್ಲ.
ಉಗುರಿನ ಸಂದಿಯ ನೇರಳೆ ಹೋಗಲಿಲ್ಲ;
ಜಪಸರ ಸುತ್ತಿದ ಕೈಯೊಡನೆ
ಅದೂ ಮಣ್ಣಿಗಿಳಿಯಿತು.

ಹತ್ತಿರದ ದಾರಿಗಳು ನನಗೆ ಬಹಳ ಗೊತ್ತು.
ತಮ್ಮನ ಹೆಸರಲ್ಲಿ ಪೂಜೆ ಹೇಳಿಸಿದೆ, ರಸೀದಿ ಉಂಟು.
ಕ್ರಿಸ್ಮಸ್ಸಿಗೆ ಕುಸ್ವಾರ್ ಕಳಿಸಿದೆ, ಆ ಸಲ ಡಬ್ಬ ದೊಡ್ಡದು.
ಬೆಳಗಿನ ಜಾವ ಮೊಬೈಲಿನಲ್ಲಿ ಗುಲಾಬಿಯ ಚಿತ್ರ,
ಅದರಡಿ ಯಾರೋ ಬರೆದಿಟ್ಟ ಎರಡು ಸಾಲು ಪ್ರೀತಿ.
ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ.

ಫಾದರ್ ಒಲಿವೆರಾರಿಗೆ ಕಿವಿ ಮಂದ.
ಎಷ್ಟು ಸೆಂಟ್ಸ್ ಎಂದು ಎರಡು ಸಲ ಹೇಳಿಸಿದರು.
ಇಂತಿಷ್ಟು ಜಪ ಎನ್ನುತ್ತಾರೆಂದು ಕಾದೆ.
"ಜಕ್ಕಾಯ ಮರ ಹತ್ತಿದ್ದು ನೋಡಲಿಕ್ಕೆ,
ಇಳಿದದ್ದು ಕೊಡಲಿಕ್ಕೆ.
ನೀನಿನ್ನೂ ಕೊಂಬೆಯಲ್ಲೇ ಇದ್ದಿ."
ಆಮೇಲೆ ಕೆಮ್ಮು ಬಂತು.
ಪ್ರಾಯಶ್ಚಿತ್ತ ಹೇಳಲು ಮರೆತರೋ, ಹೇಳಿದ್ದೇ ಅದೋ.

ಹೋದೆ.
ಸಿಪ್ರಿ ಬಾವಿಯ ಪಂಪು ಬಿಚ್ಚಿ ಕೂತಿದ್ದ,
ಮೊಣಕೈವರೆಗೆ ಗ್ರೀಸು.
ಜುಲಿಯಾನ ಪುನರ್ಪುಳಿ ಶರಬತ್ತು ತಂದಿಟ್ಟು
ನನ್ನ ಮುಖ ನೋಡಿ ಒಳಗೆ ಹೋದಳು.
ಹೇಳಿದೆ. ಹೆಬ್ಬೆರಳಿನದನ್ನೂ ಹೇಳಿದೆ.
ಅವನು ಸ್ಪ್ಯಾನರ್ ಕೆಳಗಿಡಲಿಲ್ಲ.
"ಗೊತ್ತಿತ್ತು" ಅಂದ.
ಒಂದು ನಟ್ಟು ಬಿಗಿದಾದ ಮೇಲೆ,
"ಆಯ್ತು ಮಾರಾಯ, ಬಿಡು. ಊಟ ಮಾಡಿ ಹೋಗು."

ಅಯ್ಯೋ, ಆ ಬಿಡು!
ಎಷ್ಟು ಅಗಲದ ಬಾಗಿಲು, ಒಳಗೆ ಎಷ್ಟು ತಂಪು.
ತೂರಿಕೊಂಡು, ಬಂಗುಡೆ ಸಾರು ಉಂಡು,
ಸಂಜೆಯ ಬಸ್ಸಿಗೆ ಹಗುರಾಗಿ ಮರಳಬಹುದಿತ್ತು;
ಜಾಗ ನನ್ನ ಹೆಸರಲ್ಲೇ ಇರುತ್ತಿತ್ತು.
ಸುಳ್ಳೇಕೆ, ಕಾಲು ಆಗಲೇ ಆ ಕಡೆ ಎದ್ದಿತ್ತು.

ಚೀಲದಿಂದ ಸರ್ವೆ ನಕ್ಷೆ ತೆಗೆದು
ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರಡಿದೆ.
"ಸೋಮವಾರ ನೋಂದಣಿ ಕಚೇರಿಗೆ ಬಾ."
ಗಾಳಿಗೆ ಮೂಲೆ ಏಳುತ್ತಿತ್ತು.
ಅವನು ಬಹಳ ಹೊತ್ತು ನೋಡಿದ,
ನನ್ನನ್ನಲ್ಲ, ನಕ್ಷೆಯನ್ನು.
ಆಮೇಲೆ ಹಾರದ ಹಾಗೆ ಮೂಲೆ ಒತ್ತಿ ಹಿಡಿದ,
ಗ್ರೀಸಿನ ಹೆಬ್ಬೆರಳಲ್ಲಿ.

ಗುರುತು ಬಿತ್ತು.
"ಸೋಮವಾರ ಆಗ್ಲಿಕ್ಕಿಲ್ಲ" ಅಂದ. "ಮಂಗಳವಾರ."