ಬೂಟಿನ ಬೆನ್ನು

ಮೊದಲು ಬೊಬ್ಬೆ ಎಂದುಕೊಂಡೆ. ಆಮೇಲೆ ಮುಳ್ಳು.
ಬಲಗಾಲ ಹಿಮ್ಮಡದ ಹಿಂದೆ,
ನರ ಇಳಿದು ಬಂದು ಎಲುಬನ್ನು ಹಿಡಿಯುವಲ್ಲಿ,
ಹುಣಸೆ ಬೀಜದಷ್ಟಿದ್ದದ್ದು
ಬೇಸಿಗೆ ಕಳೆಯುವುದರೊಳಗೆ ಕವಳಿಹಣ್ಣಿನಷ್ಟು, ಅಷ್ಟೇ ಕೆಂಪಗೆ.

ರಾಯಚೂರು, ಮಾನ್ವಿ, ಸಿಂಧನೂರು. ಮತ್ತೆ ತಿರುಗಿ ರಾಯಚೂರು.
ಕಂಡಕ್ಟರ್ ಸೀಟು ಇದೆ, ಅದರಲ್ಲಿ
ಯಾರದೋ ಬಾಣಂತಿ, ಯಾರದೋ ಕೋಳಿಪುಟ್ಟಿ.
ನಿಂತೇ ಹರಿದು ಕೊಡುತ್ತೇನೆ
ಹೆಣ್ಣುಮಕ್ಕಳಿಗೆ ಸೊನ್ನೆ ರೂಪಾಯಿಯ ಚೀಟಿ.
ಪಾಷಾ ಬ್ರೇಕು ಒತ್ತಿದಾಗಲೆಲ್ಲ
ಬೂಟಿನ ಗಟ್ಟಿ ಬೆನ್ನು ಒಂದು ಸಲ ಕಚ್ಚುತ್ತದೆ.

ರಿಮ್ಸಿನ ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದರು:
"ನೋಡ್ರಿ, ಇಲ್ಲಿ ಎಲುಬಿಗೊಂದು ಭುಜ ಐತಿ.
ಅದಕ್ಕೂ ನರಕ್ಕೂ ನಡುವ ನೀರಿನ ಸಣ್ಣ ಚೀಲ,
ತಿಕ್ಕಿ ತಿಕ್ಕಿ ಬಾತೈತಿ."
ಎಷ್ಟು ದಿನದ್ದು? ಅಂದೆ.
"ಬಾವು ಈಗಿಂದು. ಎಲುಬು ನಿಮ್ಮ ಜೋಡಿನೇ ಬೆಳೆದೈತಿ.
ಬೂಟು ಹುಡುಕಿ ಕೊಡ್ತು, ಅಷ್ಟ."
ಐಸು ಇಡಿ, ಹಿಂದೆ ತೆರೆದ ಚಪ್ಪಲಿ ಹಾಕಿ ಎಂದು ಬರೆದರು.
ಡಿಪೋದವರು ಆ ಕಾಗದ ಎರಡು ಸಲ ಓದಿ
ಒಂದೇ ಪದ ಆಡಿದರು: ಯೂನಿಫಾರ್ಮು.

ಆ ರಾತ್ರಿ ತಣ್ಣೀರ ಬಕೆಟ್ಟಿನಲ್ಲಿ ಕಾಲಿಟ್ಟು
ಹೆಬ್ಬೆರಳಿಂದ ಸವರಿದೆ.
ಬೆರಳಿಗೆ ಮೊದಲೇ ಗೊತ್ತಿತ್ತು.
ಅವ್ವನ ಕಾಲ ಬಳಿ ಮಲಗುತ್ತಿದ್ದವಳು ನಾನು,
ಇದನ್ನೇ ಹಿಡಿದು ನಿದ್ದೆ ಹೋಗುತ್ತಿದ್ದೆ.
ಗಂಜಿನ ಹಿಂದಿನ ಜಿನ್ನಿಂಗ್ ಮಿಲ್ಲಿನಲ್ಲಿ
ಇಪ್ಪತ್ತೆರಡು ವರ್ಷ ಬರಿಗಾಲಲ್ಲಿ ಹತ್ತಿ ತುಳಿದಳು.
ಸೊಂಟ ಹೋಯಿತು, ಎದೆಯೊಳಗೆ ಧೂಳು ಕೂತಿತು.
ಹಿಮ್ಮಡದ ಸುದ್ದಿ ಒಮ್ಮೆಯೂ ಎತ್ತಲಿಲ್ಲ.

ಬಸ್‌ಸ್ಟ್ಯಾಂಡಿನ ಗೋಡೆಗೆ ಕೂತ ಹುಸೇನಪ್ಪ
ಬೂಟು ಮಗುಚಿ, ಮೂಸಿ, ಬೆರಳು ಹಾಕಿ ನೋಡಿದ.
"ಕೊಯ್ಲೇನು? ಸರ್ಕಾರದ್ದು ಇದು."
ಕೊಯ್ಯಿ ಅಂದೆ.
ರಂಪಿಗೆಯನ್ನು ಕಲ್ಲಿಗೆ ಮಸೆದು ತೆಗೆದ
ಉಗುರು ಕತ್ತರಿಸಿದಂಥ ಒಂದು ತೊಗಲ ತುಂಡು.
ನೋಯದ ಎಡಗಾಲಿನದನ್ನೂ ಕೊಯ್ದ,
"ಜೋಡಿ ಒಂದ ನಮೂನಿ ಇರಲಿ."
ಇಪ್ಪತ್ತು ರೂಪಾಯಿ.

ಈಗ ಚೆಕಿಂಗ್‌ನವರು ಹತ್ತಿದರೆ
ಅವರಿಗೆ ಬೆನ್ನು ಕೊಡುವುದಿಲ್ಲ.
ಕಪಗಲ್‌ನಲ್ಲಿ ಅವರು ಇಳಿಯುವತನಕ ಮುಖ ತೋರುತ್ತಲೇ ಹಿಂದಕ್ಕೆ ಸರಿಯುತ್ತೇನೆ.
ಬಾಗಿಲ ಗಾಳಿ ಹಿಮ್ಮಡಕ್ಕೆ ತಾಕುತ್ತದೆ.

ನೋವು ಪೂರ್ತಿ ಹೋಗಿಲ್ಲ.
ಮುಂಜಾನೆಯ ಮೊದಲ ಹತ್ತು ಹೆಜ್ಜೆ
ಇನ್ನೂ ಗೋಡೆ ಹಿಡಿದೇ.
ಚಿಲ್ಲರೆಗೆಂದು ಬ್ಯಾಗಿಗೆ ಕೈ ಹಾಕಿದಾಗ
ಒಮ್ಮೊಮ್ಮೆ ಆ ತೊಗಲ ತುಂಡು ಸಿಗುತ್ತದೆ,
ಐದರ ನಾಣ್ಯವೆಂದು ಎತ್ತಿ
ಮತ್ತೆ ಒಳಗೇ ಬಿಡುತ್ತೇನೆ.