ಹನ್ನೊಂದನೆಯ ಕಾಲಂ

ನಮ್ಮ ರಿಜಿಸ್ಟರಿನಲ್ಲಿ ಹನ್ನೊಂದನೆಯದು ಹಿಮದ ಕಾಲಂ.
ಯಾವ ಊರಿಗೆಂದು ಅಚ್ಚು ಹಾಕಿದರೋ,
ಬೆಂಗಳೂರಿಗೂ ಅದೇ ಪುಸ್ತಕ ಬಂತು.
ಇಪ್ಪತ್ತಾರು ವರ್ಷ, ಬೆಳಗಿನ ಎಂಟೂವರೆಗೆ
ಅಲ್ಲೊಂದು ಅಡ್ಡಗೆರೆ ಎಳೆದಿದ್ದೇನೆ.
ಸಾಲಾಗಿ ಜೋಡಿಸಿದರೆ ಆ ಗೆರೆಗಳು
ಆಫೀಸಿನ ಗೇಟಿನಿಂದ ಬಸ್‌ಸ್ಟಾಪಿನ ತನಕ ಆದಾವು,
ರಜೆಗಳನ್ನು ಕಳೆದು.

ಅಕ್ಟೋಬರ್ ಬಂತೆಂದರೆ ಡೋಲ್ಕರ್ ಬರುತ್ತಾಳೆ,
ಹೆಲ್ಮೆಟ್ ಕಂಕುಳಲ್ಲಿ, ಬೈಲಕುಪ್ಪೆಯ ಕನ್ನಡ ಬಾಯಲ್ಲಿ:
“ಅಕ್ಕಾ, ಈ ಸಲ ಚಳಿ ಹೆಂಗೆ?
ಲೂಧಿಯಾನಕ್ಕೆ ದುಡ್ಡು ಕಟ್ಟಬೇಕು.
ಸ್ವೆಟರು ನಲವತ್ತು ಮೂಟೆಯೋ, ಅರವತ್ತೋ?”

ಮೂರು ತಿಂಗಳ ಮುನ್ಸೂಚನೆಯನ್ನು
ಮೇಜಿನ ಮೇಲೆ ಹರಡುತ್ತೇನೆ.
ನಕ್ಷೆಯಲ್ಲಿ ನಮ್ಮ ಊರು ಬಿಳಿ.
ಬಿಳಿ ಅಂದರೆ ಹಿಮವಲ್ಲ ಕಣೇ.
ಚಳಿ ಹೆಚ್ಚಾಗಲು ನೂರಕ್ಕೆ ಮೂವತ್ತಮೂರು,
ಎಂದಿನಂತಿರಲು ಮೂವತ್ತಮೂರು,
ಕಮ್ಮಿಯಾಗಲು ಮೂವತ್ತಮೂರು.
“ಉಳಿದ ಒಂದು?” ವ್ಯಾಪಾರದವಳು, ಬಿಡುತ್ತಾಳೆಯೇ.
ಅದು ನಮ್ಮ ಸಂಬಳ.

ಗೊತ್ತಿಲ್ಲ ಎಂಬುದನ್ನು ಮೂರು ಪಾಲು ಮಾಡಿ
ಬಡಿಸುವ ವಿದ್ಯೆ ಇದು.
ಗೇಟಿನಾಚೆ ಅವರೆಕಾಯಿ ಸುರಿದುಕೊಂಡು ಕೂರುವ
ಮುನಿವೆಂಕಟಮ್ಮನದು ಒಂದೇ ಪಾಲು:
ಸೊಗಡು ಕೈಗೆ ಅಂಟಿತೋ, ಚಳಿ ಬಂತು.
ಬಂದಮೇಲೆ ಹೇಳುವುದು ನನಗೂ ಬರುತ್ತದೆ, ಅಜ್ಜಿ.

ಹೋದ ವರ್ಷ ನಾನು ಬಾಯಿಬಿಟ್ಟು ಕೆಟ್ಟೆ.
ಎಲ್ಲೋ ಪೆಸಿಫಿಕ್ಕಿನ ನೀರು ತಣ್ಣಗಿತ್ತು,
ಆ ಧೈರ್ಯದಲ್ಲಿ “ಈ ಸಲ ಜೋರು, ಅರವತ್ತು ತರಿಸು” ಅಂದೆ.
ಡಿಸೆಂಬರಿನಲ್ಲಿ ಫ್ಯಾನು ತಿರುಗಿತು.
ಬಂಗಾಳ ಕೊಲ್ಲಿಯ ಮೋಡ ಬಂದು
ಇಡೀ ಊರಿಗೆ ಕಂಬಳಿ ಹೊದಿಸಿ ಕೂತಿತು.
ಕಂಬಳಿ ಹೊದ್ದ ಊರು ಸ್ವೆಟರು ಕೊಳ್ಳಲಿಲ್ಲ.
ಇಪ್ಪತ್ತೆರಡು ಮೂಟೆಗೆ ನುಸಿಗುಳಿಗೆ ಹಾಕಿ
ಕಟ್ಟಿದಳು ಡೋಲ್ಕರ್. ಬೈಯಲಿಲ್ಲ.
ನನಗೊಂದು ಕೊಟ್ಟಳು: ಮರೂನ್ ಬಣ್ಣ, ತೋಳು ತುಸು ಉದ್ದ.

ಅದೇ ಜನವರಿ, ವರ್ತೂರಿನಿಂದ ಫೋನು. ಹುಡುಗನ ದನಿ.
“ಮೇಡಂ, ಇಲ್ಲಿ ಸ್ನೋ ಬೀಳ್ತಿದೆ. ನೀವು ಹೇಳಲೇ ಇಲ್ಲ!”
ಕೆರೆಯ ನೊರೆ ಗಾಳಿಗೆದ್ದು
ಅವರಪ್ಪನ ಸ್ಕೂಟರಿನ ಸೀಟಿನ ಮೇಲೆ ಕೂತಿತ್ತು.
ಮುಟ್ಟಬೇಡ ಕಂದಾ, ಅಂದೆ.
ಮುಟ್ಟಿ ಆಗಿತ್ತು.
ಸೋಪು ಹಾಕಿ ತೊಳೆದುಕೋ ಅಂದೆ, ಸೋಪಿನ ನೊರೆಯನ್ನೇ.
ಆ ದಿನವೂ ಗೆರೆಯನ್ನೇ ಎಳೆದದ್ದು.
ಪೆನ್ನು ಮಾತ್ರ ಒಂದು ಗಳಿಗೆ ನಿಂತಿತ್ತು.

“ನೀನು ನೋಡಿದ್ದೀಯೇನೇ ಹಿಮ?”
ಚಹಾ ಕುಡಿಯುತ್ತ ಕೇಳಿದೆ ಡೋಲ್ಕರಳನ್ನು.
“ಎಲ್ಲಿ ಅಕ್ಕಾ? ನಾನು ಹುಟ್ಟಿದ್ದು ಜೋಳದ ಹೊಲದ ಮಧ್ಯ.
ಅಮ್ಮನ ಎಡಗಾಲಲ್ಲಿ ಎರಡು ಬೆರಳಿಲ್ಲ.
ನಾನು ನೋಡಿರೋ ಹಿಮ ಅಷ್ಟೇ.”

ಚಹಾ ಆರಿತು.
ನಮ್ಮ ನುಡಿ ಎಷ್ಟು ಬೆಚ್ಚಗೆ ಕೂತು ಬೆಳೆದಿದೆ!
ದೇವನಹಳ್ಳಿಯಲ್ಲಿ ವಿಮಾನ ತಡೆಯುವುದೂ ಮಂಜು,
ಆ ತಾಯಿಯ ಬೆರಳು ತಿಂದದ್ದೂ ಮಂಜು.
ಎರಡಕ್ಕೂ ಒಂದೇ ಕೊಡೆಯಂತೆ ಒಂದೇ ಮಾತು.

ಈ ಸಲ ನಾನು ಏನೂ ಹೇಳಲಿಲ್ಲ.
ಅವಳೇ ನಕ್ಷೆ ಮಡಚಿ, ಹಳೆಯ ಇಪ್ಪತ್ತೆರಡರ ಜೊತೆಗೆ
ಹದಿನೆಂಟು ಹೊಸದು ತರಿಸಿದಳು.
ಯಾವ ಲೆಕ್ಕವೋ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಹುಲ್ಲು ಒದ್ದೆ, ಚಪ್ಪಲಿ ಒದ್ದೆ,
ಥರ್ಮಾಮೀಟರಿನ ಪೆಟ್ಟಿಗೆಯ ಬಾಗಿಲು ಬೆರಳಿಗೆ ಚುರ್ರೆಂದಿತು.
ಹನ್ನೆರಡು ಪಾಯಿಂಟ್ ಆರು.
ಉದ್ದ ತೋಳನ್ನು ಎರಡು ಸುತ್ತು ಮಡಚಿ ಬರೆದೆ.
ಹನ್ನೊಂದನೆಯದರಲ್ಲಿ ಗೆರೆ.
ಆಮೇಲೆ ಅವಳಿಗೆ ಫೋನು ಮಾಡಿದೆ:
ಮೂರು ತಿಂಗಳಿನದು ನನ್ನ ಕೈಲಾಗದು, ಡೋಲ್ಕರ್.
ನಾಳೆಯದು ಹೇಳಬಲ್ಲೆ.
ನಾಳೆ ಹನ್ನೆರಡು. ಅಂಗಡಿ ಬೇಗ ತೆಗಿ.