ಹುಳಿಯಾಗದ ಲೆಕ್ಕ

ಬ್ರೌಸರಿನೊಳಗೆ ಇದ್ದಷ್ಟು ದಿನ ಅದು
ಮಡಿಯಲ್ಲಿತ್ತು. ಯಾವುದನ್ನೂ ಮುಟ್ಟುವಂತಿಲ್ಲ.
ಹಿರೀಸಾವೆ ಡೈರಿಯ ತೂಕದ ಯಂತ್ರ,
ಫ್ಯಾಟ್ ನೋಡುವ ಡಬ್ಬಿ, ಕಿರ್ರೆನ್ನುವ ಪ್ರಿಂಟರು
ಮೊಳ ದೂರದಲ್ಲೇ ಇದ್ದವು,
ಸೀಮೆಯಾಚೆ ಇದ್ದ ಹಾಗೆ.

ಮೂರು ವಾರ ಕೂತು ಹೊರಗೆ ತಂದೆ.
ಈಗ ಅದಕ್ಕೆ ಪರದೆಯ ಮೇಲೆ ಸ್ವಂತ ಜಾಗ,
ಕಸದ ಬುಟ್ಟಿಯ ಪಕ್ಕ; ಗುರುತಿಗೆ ನಾನೇ ಬರೆದ ಸೊಟ್ಟ ಕ್ಯಾನು.
ಕೇಬಲ್ ಹಿಡಿದು ತೂಕ ಕೇಳುತ್ತದೆ,
ನೆಟ್ಟು ಹೋದರೂ ನಿಲ್ಲುವುದಿಲ್ಲ,
ಬಂದಾಗ ಅಷ್ಟನ್ನೂ ಹಾಸನಕ್ಕೆ ಸುರಿಯುತ್ತದೆ.

ಇದನ್ನೆಲ್ಲ ಕಾರ್ಯದರ್ಶಿ ಬೋರಲಿಂಗಣ್ಣನಿಗೆ
ವಿವರಿಸುವಾಗ ಸಾಲಿನಲ್ಲಿದ್ದ ಕೆಂಪನಂಜಮ್ಮ
ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು:
"ನೆಟ್ಟು ಬರೋಗಂಟ ನನ್ನ ಲೆಕ್ಕ
ಒಳಗೇ ಇರ್ತದಲ್ಲ ಮಗಾ, ಹುಳಿಯಾಗಕಿಲ್ವಾ?"

ನಕ್ಕರು ಎಲ್ಲ. ನಾನೂ.

ರಾತ್ರಿ ತೆರೆದು ನೋಡಿದರೆ ನಿಜ:
ಎರಡು ದಿನ ನೆಟ್ಟಿಲ್ಲದಿದ್ದರೆ ಸಂಜೆಯ ಹಾಲು
ಬೆಳಗಿನದರ ಜೊತೆ ಬೆರೆತು
ಅವಳ ನಾಲ್ಕೂವರೆ ಲೀಟರು
ಯಾರದೋ ಹೆಸರಲ್ಲಿ ಕೂತಿತ್ತು.

ಪ್ರತಿ ಸಾಲಿಗೂ ಹೊತ್ತು ಬರೆದೆ, ಹೆಸರು ಬರೆದೆ.
ಹೊರಗೆ ಮೊದಲ ಕ್ಯಾನಿನ ಸದ್ದು.
ಇನ್ನೂ ಒಂದು ಬಾಕಿ:
ಚೀಟಿಯಲ್ಲಿ ಅಕ್ಷರ ದೊಡ್ಡದು ಮಾಡಬೇಕು.
ಅದನ್ನೂ ಅವಳೇ ಹೇಳಿದ್ದು,
ಹೋಗುವಾಗ, ತಿರುಗಿ ನೋಡದೆ.